ಸೊನ್ನೆ ಟನ್ನಿನ ಅನುಮತಿ

೨೦೧೧ರ ನವೆಂಬರ್ ೧೪, ಸೋಮವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಕಚೇರಿಯ ಕಂಪ್ಯೂಟರು ಹತ್ತು ಗ್ರಾಂ ಕಲ್ನಾರನ್ನು ಸೊನ್ನೆ ಟನ್ ಎಂದು ಓದಿಕೊಂಡು, ಸೊನ್ನೆ ಪ್ರಮಾಣದ ಆಮದಿಗೆ ಅನುಮತಿ ಕೊಡಲಾಗದೆಂದು ಅರ್ಜಿಯನ್ನು ಹಿಂದಿರುಗಿಸಿತು. ಅರ್ಜಿಯನ್ನು ತುಂಬಿದ್ದು ನಾನು. ಅದಕ್ಕೆ ಸಹಿ ಹಾಕಬೇಕಾಗಿದ್ದವರು, ಈ ಸಂಪುಟ ಯಾರ ಗೌರವಾರ್ಥವಾಗಿ ಹೊರಬರುತ್ತಿದೆಯೋ ಆ ನಮ್ಮ ಮೇಡಂ. ಆ ಸೊನ್ನೆಗೆ ಕಾರಣವಾದ ನಿಯಮವನ್ನು ಹಿಂದೊಮ್ಮೆ ತಮ್ಮ ಕೈಯಾರೆ ಬರೆದವರೂ ಅವರೇ. ಅವರ ಸೇವಾವಧಿಯನ್ನು ಕುರಿತು ಒಂದು ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ಅವರಿಗೆ ಸಂದ ಗೌರವಗಳಿಂದ ಆರಂಭಿಸುವುದು ಸುಲಭವೆಂದು ನನಗೂ ತೋರಿತ್ತು. ಆದರೆ ಅವರನ್ನು ಬಲ್ಲವರು ಆ ಸೊನ್ನೆಯನ್ನು ಬಿಟ್ಟು ಅವರ ಬಗ್ಗೆ ಬರೆದರೆ ಅದು ಅರ್ಧ ಮಾತಾಗುತ್ತದೆ.

ಕಲ್ನಾರು ಎಂದರೆ ಕಲ್ಲಿನ ನಾರು. ಜನರ ಬಾಯಲ್ಲಿ ಅದು ಆಸ್ಬೆಸ್ಟಾಸ್. ಸಿಮೆಂಟಿನೊಡನೆ ಬೆರೆತು ಮನೆಯ ಮೇಲೆ ಕೂತಾಗ ಬರೀ ಶೀಟು. ಬೆಂಕಿಗೆ ಸುಡದ, ನೀರಿಗೆ ಕೊಳೆಯದ ಈ ವಸ್ತು ಮನುಷ್ಯನ ಎದೆಯೊಳಗೆ ಹೋದರೆ ಅಲ್ಲಿಯೂ ಕರಗುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಸುಮ್ಮನಿದ್ದು ಆಮೇಲೆ ಉಸಿರನ್ನು ಹಿಡಿಯುತ್ತದೆ. ಇಂಥ ಅಪಾಯಕಾರಿ ಕಟ್ಟಡ ಸಾಮಗ್ರಿಗಳನ್ನು ಹೊರದೇಶದಿಂದ ತರಿಸಲು ಯಾರಿಗೆ ಅನುಮತಿ ಕೊಡಬೇಕು, ಯಾರಿಗೆ ಕೊಡಬಾರದು, ಕೊಟ್ಟರೆ ಯಾವ ಷರತ್ತಿನ ಮೇಲೆ ಎಂಬುದನ್ನು ನಿರ್ಧರಿಸುವ ಕ್ಷೇತ್ರ ದೊಡ್ಡದೇನಲ್ಲ. ಅದರಲ್ಲಿ ಕೆಲಸ ಮಾಡುವವರನ್ನು ಒಂದು ಸಾಧಾರಣ ಕೋಣೆಯಲ್ಲಿ ಕೂರಿಸಬಹುದು. ಆ ಕೋಣೆಯಲ್ಲಿ ಯಾರನ್ನು ಕೇಳಿದರೂ, ಈ ಕೆಲಸವನ್ನು ಮುದ್ರೆಯೊತ್ತುವ ಗುಮಾಸ್ತಿಕೆಯಿಂದ ವಿಜ್ಞಾನದ ಮಟ್ಟಕ್ಕೆ ಏರಿಸಿದವರು ಮೇಡಂ ಎಂದು ಒಪ್ಪುತ್ತಾರೆ. ಒಪ್ಪದವರು ಅವರಿಂದ ಅನುಮತಿ ಸಿಗದ ವರ್ತಕರು. ಅವರೂ ಮೇಡಂ ಅವರನ್ನು ಬೈಯುವಾಗ ಎದ್ದು ನಿಂತೇ ಬೈಯುತ್ತಿದ್ದರು.

೧೯೮೬ರಲ್ಲಿ ಅವರು ಬಂದರಿನ ಪ್ರಯೋಗಾಲಯಕ್ಕೆ ಕಿರಿಯ ರಸಾಯನಶಾಸ್ತ್ರಜ್ಞೆಯಾಗಿ ಸೇರಿದರು. ಬಂದರು ಅವರಿಗೆ ಹೊಸದಲ್ಲ. ಅದರ ಗೋಡೆಗೆ ಆತುಕೊಂಡಂತಿದ್ದ ಓಣಿಯ ಎರಡು ಕೋಣೆಗಳ ಮನೆಯಲ್ಲಿ ಅವರು ಬೆಳೆದದ್ದು. ತಂದೆ ಬೇಗ ತೀರಿಕೊಂಡಿದ್ದರಿಂದ, ಹತ್ತು ವರ್ಷ ದೊಡ್ಡವರಾದ ಅಣ್ಣ ಗೋದಾಮಿನಲ್ಲಿ ಶೀಟು ಇಳಿಸುವ ಕೆಲಸಕ್ಕೆ ಸೇರಿ, ಹೊಟ್ಟೆಬಟ್ಟೆ ಕಟ್ಟಿ ತಂಗಿಯನ್ನು ಕಾಲೇಜಿಗೆ ಕಳಿಸಿದರು. ತಂಗಿ ಅದೇ ಬಂದರಿಗೆ ಬಿಳಿ ಕೋಟು ಹಾಕಿಕೊಂಡು ಬಂದ ದಿನ ಅಣ್ಣ ಗೋದಾಮಿನ ಬಾಗಿಲಲ್ಲಿ ನಿಂತು ತಮ್ಮ ಜೊತೆಯವರಿಗೆಲ್ಲ, "ಇನ್ಮೇಲೆ ಜೋರಾಗಿ ಮಾತಾಡ್ಬೇಡ್ರಪ್ಪ, ನಮ್ಮ ಮನೇಲಿ ವಿಜ್ಞಾನಿ ಇದ್ದಾರೆ" ಎಂದರಂತೆ. ಈ ಕಥೆಯನ್ನು ನನಗೆ ಹೇಳಿದ್ದು ಅಣ್ಣನೇ. ಮೇಡಂ ತಮ್ಮ ಮನೆಯ ವಿಷಯವನ್ನು ಕಚೇರಿಗೆ ತಂದವರಲ್ಲ.

ನಾನು ಅವರ ಕೈಕೆಳಗೆ ಸೇರಿದ್ದು ೨೦೦೩ರಲ್ಲಿ. ಆ ಹೊತ್ತಿಗಾಗಲೇ ಅವರಿಗೆ 'ತಕ್ಕಡಿ ಮೇಡಂ' ಎಂಬ ಅಡ್ಡಹೆಸರು ಬಿದ್ದಿತ್ತು. ಬೆಳಗ್ಗೆ ಬಂದವರೇ ಹಾಜರಿ ಪುಸ್ತಕಕ್ಕೂ ಮುಂಚೆ ತೂಕದ ಯಂತ್ರದ ಬಳಿ ಹೋಗಿ, ಗೊತ್ತಿರುವ ತೂಕದ ಬಟ್ಟನ್ನು ಇಕ್ಕಳದಿಂದ ಎತ್ತಿಟ್ಟು, ಯಂತ್ರ ನಿಜ ಹೇಳುತ್ತಿದೆಯೇ ಎಂದು ನೋಡಿಯೇ ಕುರ್ಚಿಗೆ ಹೋಗುತ್ತಿದ್ದರು. ನನ್ನ ಮೊದಲ ವರದಿಯಲ್ಲಿ ನಾನು ದಶಾಂಶ ಬಿಂದುವಿನ ಬಲಕ್ಕೆ ಐದು ಅಂಕಿಗಳನ್ನು ಹೆಮ್ಮೆಯಿಂದ ಬರೆದಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು.

"ಈ ಕೊನೇ ಎರಡು ಅಂಕಿ ಯಾರು ಹೇಳಿದ್ದು?"

"ಕ್ಯಾಲ್ಕ್ಯುಲೇಟರ್ ಮೇಡಂ."

"ಕ್ಯಾಲ್ಕ್ಯುಲೇಟರ್ ಬಂದರಿಗೆ ಹೋಗಿತ್ತೇನ್ರೀ? ತೂಕ ಮಾಡಿದ್ದು ಯಂತ್ರ. ಯಂತ್ರಕ್ಕೆ ಗೊತ್ತಿಲ್ಲದ್ದನ್ನ ನೀವು ಹೇಗೆ ಬರೀತೀರಿ?"

ಅಳತೆಯ ಸಾಧನ ಹೇಳಲಾರದ ಅಂಕಿಯನ್ನು ಬರೆಯುವುದು ಸುಳ್ಳು ಹೇಳಿದಂತೆ ಎಂಬುದು ಅವರ ಮೊದಲ ಪಾಠ. ಆ ಪಾಠವನ್ನು ನಾನು ಮರೆತಿಲ್ಲ. ಅವರಂತೂ ಅದನ್ನು ಕಾನೂನಿಗೇ ಬರೆದಿಟ್ಟಿದ್ದರು.

ಅದು ನಡೆದದ್ದು ಹೀಗೆ. ೧೯೯೯ರಲ್ಲಿ ಕಲ್ನಾರಿನ ಆಮದನ್ನು ನಿರ್ಬಂಧಿಸಿ, ಬದಲಿ ವಸ್ತುವೇ ಇಲ್ಲದ ಕಡೆ ಮಾತ್ರ ವಿಶೇಷ ಅನುಮತಿಯ ಮೇಲೆ ತರಿಸಬಹುದೆಂದು ಆದೇಶವಾದಾಗ, ಅನುಮತಿ ವಿಭಾಗವನ್ನು ಕಟ್ಟುವ ಹೊಣೆ ಮೇಡಂ ಅವರ ಮೇಲೆ ಬಿತ್ತು. ಅಲ್ಲಿಯವರೆಗೆ ವರ್ತಕರು ಅರ್ಜಿಯಲ್ಲಿ 'ಸುಮಾರು ನೂರು ಟನ್' ಎಂದು ಬರೆದು ನೂರಿಪ್ಪತ್ತು ತರುತ್ತಿದ್ದರು. ಅನುಮತಿಯಲ್ಲಿ ಉಳಿದುಹೋದ ಪ್ರಮಾಣದ ನೆಪದಲ್ಲಿ ಇನ್ನೊಂದು ಹಡಗು ಬರುವುದೂ ಇತ್ತು. ಮೇಡಂ 'ಸುಮಾರು' ಎಂಬ ಪದವನ್ನೇ ಕಿತ್ತುಹಾಕಿದರು. ಎಷ್ಟೇ ಅಲ್ಪ ಪ್ರಮಾಣವಾದರೂ ಅನುಮತಿಯಿಲ್ಲದೆ ಒಳಬರುವಂತಿಲ್ಲ ಎಂಬುದು ಅವರು ಬರೆದ ಒಂದು ನಿಯಮ. ಪ್ರಮಾಣವನ್ನು ಟನ್ನುಗಳಲ್ಲಿ, ದಶಾಂಶದ ಎರಡು ಸ್ಥಾನಗಳವರೆಗೆ ನಮೂದಿಸಬೇಕು ಎಂಬುದು ಇನ್ನೊಂದು. ಎರಡೇ ಏಕೆಂದರೆ, ಲಾರಿಗಳನ್ನು ತೂಗುವ ಬಂದರಿನ ವೇಬ್ರಿಡ್ಜ್ ಹತ್ತು ಕಿಲೋಗಿಂತ ಸಣ್ಣದನ್ನು ಹೇಳಲಾರದು. ಸಾಧನ ಹೇಳಲಾರದ್ದನ್ನು ಬರೆಯಬಾರದಷ್ಟೆ. ಒಳ್ಳೆಯ ರಸಾಯನಶಾಸ್ತ್ರಜ್ಞೆಯೊಬ್ಬರು ಮಾತ್ರ ಬರೆಯಬಹುದಾದ ನಿಯಮ ಅದು. ಒಳ್ಳೆಯ ರಸಾಯನಶಾಸ್ತ್ರಜ್ಞೆಯೊಬ್ಬರು ಮಾತ್ರ ಮಾಡಬಹುದಾದ ತಪ್ಪು ಕೂಡ. ಅದೇ ವರ್ಷ, ನಮ್ಮ ಕಚೇರಿಯ ಕಟ್ಟಡದಲ್ಲಿದ್ದ ಕಲ್ನಾರನ್ನೆಲ್ಲ ಮುದ್ರೆ ಹಾಕಿ ಹೂಳಬೇಕೆಂದು ಅವರು ಆದೇಶ ಮಾಡಿದಾಗ, ಪ್ರಯೋಗಾಲಯದ ಕಪಾಟಿನಲ್ಲಿ ಹೋಲಿಕೆಗೆಂದು ಇಟ್ಟುಕೊಂಡಿದ್ದ ಶುದ್ಧ ಕಲ್ನಾರಿನ ಸೀಸೆಗಳೂ ಕಾಂಕ್ರೀಟಿನ ಕೆಳಗೆ ಹೋದವು. ಇನ್ನು ಅದರ ಅಗತ್ಯ ಬೀಳದೆಂದು ಎಲ್ಲರೂ ನಂಬಿದ್ದ ಕಾಲ ಅದು.

ಅವರು ಕಠಿಣರೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅರ್ಜಿಯನ್ನು ತಿರಸ್ಕರಿಸಿದರೆ, ಅದರ ಜೊತೆಯಲ್ಲೇ ಏನನ್ನು ಬಳಸಬಹುದು ಎಂಬುದನ್ನೂ ಬರೆದು ಕಳಿಸುವುದು ನಮ್ಮ ವಿಭಾಗದಲ್ಲಿ ಅವರು ಹಾಕಿಕೊಟ್ಟ ಪದ್ಧತಿ. ಒಮ್ಮೆ ಒಂದು ಆಸ್ಪತ್ರೆಯ ಬಾಯ್ಲರ್ ಕೋಣೆಯ ಗೋಡೆಗೆ ಹಳೆಯ ಹಲಗೆಯಂಥದೇ ಕಲ್ನಾರಿನ ಹಲಗೆ ಬೇಕೆಂದು ಮೇಸ್ತ್ರಿಯೊಬ್ಬರು ಅಲೆದಲೆದು ಸೋತು, "ಹೆರಿಗೆ ವಾರ್ಡಿಗೆ ಬಿಸಿನೀರಿಲ್ಲ ಮೇಡಂ, ನಿಮ್ಮ ಕಾನೂನು ತಗೊಂಡು ನಾನೇನ್ ಮಾಡ್ಲಿ?" ಎಂದು ಕೂಗಾಡಿದರು. ಮೇಡಂ ಅವರಿಗೆ ಒಂದು ಲೋಟ ನೀರು ಕೊಟ್ಟು, ತಾವೇ ಅವರ ಜೊತೆ ಬಾಯ್ಲರ್ ಕೋಣೆಗೆ ಹೋಗಿ, ಗೋಡೆಯ ಶಾಖವನ್ನು ಮೂರು ಕಡೆ ಅಳೆದು, ಕರಗಿಸಿದ ಬಂಡೆಯ ಉಣ್ಣೆಯಿಂದ ಮಾಡಿದ ಹಲಗೆ ಸಾಕೆಂದು ತೋರಿಸಿಕೊಟ್ಟರು. ಆ ಮೇಸ್ತ್ರಿ ಈಗಲೂ ನಮ್ಮ ಕಚೇರಿಯ ಮುಂದೆ ಹಾದುಹೋಗುವಾಗ ಒಳಗೆ ಇಣುಕಿ, "ತಕ್ಕಡಿ ಚೆನ್ನಾಗಿದ್ಯಾ?" ಎಂದು ವಿಚಾರಿಸುತ್ತಾರೆ.

ಇನ್ನೊಂದು ಪದ್ಧತಿಯಿದೆ. ಮಾದರಿ ತೆಗೆಯಲು ಹೋದವರು ಯಾರೂ ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಕೂಡದು. ಅದನ್ನು ಕಚೇರಿಯಲ್ಲೇ ನೆನೆಸಿ ಒಗೆಯಬೇಕು. ಇದಕ್ಕಾಗಿ ಅವರು ಮೇಲಿನವರೊಂದಿಗೆ ಜಗಳವಾಡಿ ಒಂದು ವಾಷಿಂಗ್ ಮೆಷಿನ್ ತರಿಸಿದರು. ಅನುಮತಿ ವಿಭಾಗಕ್ಕೆ ಅನೇಕ ವರ್ಷ 'ಬಟ್ಟೆ ಒಗೆಯೋ ವಿಭಾಗ' ಎಂಬ ಹೆಸರಿತ್ತು. ನಾವೂ ನಗುತ್ತಿದ್ದೆವು. ಒಣ ಬಟ್ಟೆಯನ್ನು ಯಾರಾದರೂ ಒದರಿದರೆ ಮಾತ್ರ ಮೇಡಂ ಅವರ ಮುಖ ಒಂದು ಥರ ಆಗುತ್ತಿತ್ತು. ಬೈಯುತ್ತಿರಲಿಲ್ಲ, ಎದ್ದು ಕಿಟಕಿ ತೆರೆಯುತ್ತಿದ್ದರು.

೨೦೧೧ರ ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನಿಗೆ ಉಸಿರಾಟದ ತೊಂದರೆ ಹೆಚ್ಚಿತು. ಎದೆಯ ಚಿತ್ರ ನೋಡಿದ ವೈದ್ಯರು, ಇದು ಕಲ್ನಾರಿನ ಧೂಳಿನಿಂದ ಬಂದದ್ದಿರಬೇಕು ಎಂದರು. ಗೋದಾಮಿನ ಮಾಲೀಕರು ಅದನ್ನು ಒಪ್ಪಲಿಲ್ಲ. ತಾವು ತರಿಸುತ್ತಿದ್ದದ್ದು ಬರೀ ಸಿಮೆಂಟಿನ ಶೀಟು, ಅದರಲ್ಲಿ ಕಲ್ನಾರು ಇರಲೇ ಇಲ್ಲ, ಆಳು ಸಿಗರೇಟು ಸೇದಿ ಎದೆ ಕೆಡಿಸಿಕೊಂಡಿದ್ದಾನೆ ಎಂದು ಕಾರ್ಮಿಕರ ವೈದ್ಯ ಮಂಡಳಿಗೆ ಉತ್ತರ ಕೊಟ್ಟರು. ಅಣ್ಣ ಜೀವನದಲ್ಲಿ ಸಿಗರೇಟು ಮುಟ್ಟಿದವರಲ್ಲ. ಕಾಯಿಲೆಗಿಂತ ಆ ಮಾತು ಅವರನ್ನು ಹೆಚ್ಚು ಕೊರೆಯಿತು.

ಅವರ ಹಿತ್ತಲಿನ ಬಚ್ಚಲುಮನೆಯ ಮೇಲೆ, ಎಂದೋ ಗೋದಾಮಿನಲ್ಲಿ ಮೂಲೆ ಮುರಿದದ್ದೆಂದು ಕೊಟ್ಟುಬಿಟ್ಟಿದ್ದ ಶೀಟು ಇತ್ತು. ತಯಾರಕರ ಮುದ್ರೆ ಇನ್ನೂ ಮಾಸಿರಲಿಲ್ಲ. ಅದರ ಚೂರನ್ನು ಮಾದರಿಯಾಗಿ ತೆಗೆಯಲು ಮಂಡಳಿ ನಮ್ಮ ಪ್ರಯೋಗಾಲಯಕ್ಕೆ ಬರೆಯಿತು. ತಮ್ಮ ಅಣ್ಣನ ವಿಷಯವಾದ್ದರಿಂದ ಪರೀಕ್ಷೆಯನ್ನು ತಾವು ಮುಟ್ಟುವುದಿಲ್ಲವೆಂದು ಮೇಡಂ ನಿರ್ದೇಶಕರಿಗೆ ಬರೆದುಕೊಟ್ಟು, ನನ್ನನ್ನು ನೇಮಿಸಿದರು. ನಾನು ಹೋದಾಗ ಅವರು ತಂಗಿಯಾಗಿ ಮನೆಯಲ್ಲಿದ್ದರು, ಅಷ್ಟೇ.

ಅಣ್ಣ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು. ಮೈತುಂಬ ಕವಚ, ಮುಖಕ್ಕೆ ಮುಸುಕು ಹಾಕಿಕೊಂಡು, ಶೀಟಿಗೆ ನೀರು ಸಿಂಪಡಿಸುತ್ತಿದ್ದ ನನ್ನನ್ನು ಅವರು ಕಣ್ಣರಳಿಸಿ ನೋಡಿದರು.

"ಚಂದ್ರಲೋಕಕ್ಕೆ ಹೊರಟಿದ್ದೀರಾ ಸಾರ್? ಇದನ್ನ ನಾವು ತಲೆ ಮೇಲೆ ಹೊತ್ಕೊಂಡು ಓಡಾಡ್ತಿದ್ವಿ. ಊಟದ ಹೊತ್ತಿಗೆ ಇದರ ಮೇಲೇ ಮಲಗ್ತಿದ್ವಿ."

"ಮಾತು ಕಮ್ಮಿ ಮಾಡಣ್ಣ, ದಮ್ಮು ಬರುತ್ತೆ" ಎಂದರು ಮೇಡಂ.

"ನೋಡಿ ಸಾರ್, ಆಫೀಸಲ್ಲಿ ನಿಮಗೂ ಹೀಗೇ ಗದರ್ತಾಳಾ? ಚಿಕ್ಕವಳಿದ್ದಾಗಿನಿಂದ ಹೀಗೇ. ಸಂಜೆ ನಾನು ಬರೋದೇ ತಡ, 'ಅಂಗಿ ಬಿಚ್ಚು, ಮನೆಯೆಲ್ಲ ಧೂಳು ಮಾಡ್ಬೇಡ' ಅಂತ ಕಿತ್ಕೊಂಡು ಅಲ್ಲಿ, ಆ ಕಲ್ಲಿನ ಹತ್ರ ನಿಂತು ಒದರೋಳು. ಹಿಟ್ಟಿನ ಗಿರಣಿ ಹಾಗೆ ಏಳೋದು ಧೂಳು. ಆಮೇಲೆ ಕೂತು ಓದ್ಕೊಳ್ಳೋಳು."

ನಾನು ಮೇಡಂ ಕಡೆ ನೋಡಿದೆ. ಅವರು ಆ ಕಲ್ಲನ್ನು ನೋಡುತ್ತಿದ್ದರು. ವಾಷಿಂಗ್ ಮೆಷಿನ್ ನಮ್ಮ ಕಚೇರಿಗೆ ಎಲ್ಲಿಂದ ಬಂತೆಂಬುದು ನನಗೆ ಆಗ ತಿಳಿಯಿತು. ಚೂರನ್ನು ಡಬ್ಬಿಗೆ ಹಾಕಿ, ಶೀಟಿನ ಕೊಯ್ದ ಅಂಚಿಗೆ ಬಣ್ಣ ಬಳಿದು ನಾನು ಹೊರಟಾಗ ಅಣ್ಣ ನನ್ನ ಕೈ ಹಿಡಿದುಕೊಂಡರು.

"ನನಗೆ ಬೇರೇನೂ ಬೇಡ ಸಾರ್. ಅವನು ಸೇದಿ ಕೆಡಿಸಿಕೊಂಡಿದ್ದಲ್ಲ, ಶೀಟಿಂದ ಆಗಿದ್ದು ಅಂತ ಒಂದು ಮಾತು ಬರಲಿ. ನಾನಿರೋವಾಗಲೇ ಕೇಳಿಸ್ಕೋಬೇಕು."

ಕೇಳಿಸಿಕೊಳ್ಳಬೇಕಾದ ಆ ಮಾತಿಗೂ ನಮಗೂ ನಡುವೆ ಇದ್ದದ್ದು ಹತ್ತು ಗ್ರಾಂ. ಸೂಕ್ಷ್ಮದರ್ಶಕದಲ್ಲಿ ಶೀಟಿನ ನಾರು ನನಗೆ ಕಂಡಿತು. ಅದು ಕಲ್ನಾರೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಮಂಡಳಿ ಒಪ್ಪುವ ವರದಿಗೆ, ಅದನ್ನು ಪ್ರಮಾಣೀಕೃತ ಶುದ್ಧ ಕಲ್ನಾರಿನ ಪಕ್ಕದಲ್ಲಿಟ್ಟು ಹೋಲಿಸಿ ತೋರಿಸಬೇಕು. ನಮ್ಮ ಸೀಸೆಗಳು ಕಾಂಕ್ರೀಟಿನ ಕೆಳಗಿದ್ದವು. ದೇಶದಲ್ಲಿ ಬೇರೆಲ್ಲೂ ಇರಲಿಲ್ಲ. ಹೊರದೇಶದ ಒಂದು ಪ್ರಯೋಗಾಲಯ ಹತ್ತು ಗ್ರಾಂ ಕಳಿಸಲು ಸಿದ್ಧವಿತ್ತು, ಆಮದಿನ ಅನುಮತಿ ತೋರಿಸಿದರೆ. ಅನುಮತಿ ಕೊಡುವ ಅಧಿಕಾರ ಕಟ್ಟಡದಲ್ಲಿ ಒಬ್ಬರಿಗೇ ಇತ್ತು. ಇದರಲ್ಲಿ ತಮ್ಮ ಮನೆಯ ಸಂಗತಿಯಿದೆ ಎಂದು ಮೇಡಂ ಮತ್ತೆ ನಿರ್ದೇಶಕರಿಗೆ ಹೇಳಿದರು. ಹೋಲಿಕೆಯ ಮಾದರಿ ಪ್ರಯೋಗಾಲಯದ್ದು, ನಿಮ್ಮ ಅಣ್ಣನದ್ದಲ್ಲ, ಸಹಿ ಮಾಡಿ ಎಂದು ನಿರ್ದೇಶಕರು ಹೇಳಿದರು. ಆಗ ನಾನು ಅರ್ಜಿ ತುಂಬಿದೆ. ಹತ್ತು ಗ್ರಾಮನ್ನು ಟನ್ನಿಗೆ ಇಳಿಸಿದರೆ ಬಿಂದುವಿನ ಬಲಕ್ಕೆ ನಾಲ್ಕು ಸೊನ್ನೆಗಳ ನಂತರ ಒಂದು ಬರುತ್ತದೆ. ಕಂಪ್ಯೂಟರು ಎರಡೇ ಸ್ಥಾನ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿತು: ೦.೦೦.

ಮಾಲನ್ನು ಬಂದರಿನಿಂದ ಬಿಡಿಸಿಕೊಡಬೇಕಾಗಿದ್ದ ಕ್ಲಿಯರಿಂಗ್ ಏಜೆಂಟ್ ಅಂದು ಅಲ್ಲೇ ಕೂತಿದ್ದರು. ಮೂವತ್ತು ವರ್ಷ ನಮ್ಮ ಬಾಗಿಲು ಸವೆಸಿದ, ಬಾಯಿ ಜೋರಿನ, ಮನಸ್ಸು ಒಳ್ಳೆಯ ಮನುಷ್ಯ.

"ಮೇಡಂ, ನೀವು ಹಾಕಿದ ಬೇಲಿ ಎಷ್ಟು ಗಟ್ಟಿ ಅಂದ್ರೆ ನೀವೇ ಒಳಗೆ ಬರಕ್ಕಾಗ್ತಿಲ್ಲ!" ಎಂದು ನಕ್ಕರು. ಯಾರೂ ನಗದಿದ್ದಾಗ ಕುರ್ಚಿ ಮುಂದಕ್ಕೆಳೆದುಕೊಂಡರು. "ತಲೆ ಯಾಕೆ ಕೆಡಿಸ್ಕೋತೀರಿ? ಪಾಯಿಂಟ್ ಸೊನ್ನೆ ಒಂದು ಅಂತ ಹಾಕಿ. ಹತ್ತು ಕೆ.ಜಿ. ಆಗುತ್ತೆ. ತರಿಸೋದು ಹತ್ತು ಗ್ರಾಮೇ. ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

"ನೀವೇ ಕೇಳೋದಾದ್ರೆ ಉತ್ತರಾನೂ ನೀವೇ ಕೊಟ್ಕೊಳ್ಳಿ ಮೇಡಂ. ಅಣ್ಣನ ಮುಖ ನೋಡಿ."

ಅಂದು ಸಂಜೆ ಮೇಡಂ ನನ್ನನ್ನೂ ಕರೆದುಕೊಂಡು ಅಣ್ಣನ ಮನೆಗೆ ಹೋದರು. ಹತ್ತು ಕೆ.ಜಿ. ಎಂದು ಬರೆಯಬೇಕೇ ಬೇಡವೇ ಎಂಬ ನಿರ್ಧಾರವನ್ನು ಕಚೇರಿಯಲ್ಲಿ ತೆಗೆದುಕೊಂಡು ಮನೆಗೆ ತಿಳಿಸಬಹುದಿತ್ತು; ಹಾಗೆ ಮಾಡದೆ, ಅದರ ಭಾರ ಹೊರಬೇಕಾದವರ ಎದುರಿಗೇ ಅದನ್ನಿಟ್ಟರು. ಅವರ ಬದುಕಿನಲ್ಲಿ ನಾನು ಕಂಡ ಅತ್ಯಂತ ದೊಡ್ಡ ಗೌರವದ ನಡೆ ಇದು.

ಅಣ್ಣ ಎಲ್ಲವನ್ನೂ ಕೇಳಿ, "ಅಲ್ಲ ಕಣೇ, ಹತ್ತು ಕೆ.ಜಿ. ಅಂತ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರು.

"ಕಾಗದದಲ್ಲಿ ಒಂಬತ್ತು ಚಿಲ್ಲರೆ ಕೆ.ಜಿ. ಉಳಿಯುತ್ತಣ್ಣ. ಉಳಿದಿದೆ ಅಂತ ಗೊತ್ತಾದ್ರೆ ಯಾರೋ ಒಬ್ಬ ತರಿಸ್ತಾನೆ. ಹಿಂದೆ ಹಾಗೇ ಆಗಿದೆ. ಬಂದಿದ್ದನ್ನ ಇಳಿಸೋಕೆ ನಿನ್ನಂಥೋನು ಯಾರಾದ್ರೂ ಹೋಗ್ತಾನೆ."

ಸಿಲಿಂಡರಿನ ಸದ್ದೊಂದೇ ಕೇಳುತ್ತಿತ್ತು. ಮೇಡಂ ಅವರ ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದರು.

"ಅವನ ಮನೇಲೂ ಅಂಗಿ ಒದರೋಕೆ ಒಬ್ಬಳು ತಂಗಿ ಇರ್ತಾಳೆ" ಎಂದರು ಅಣ್ಣ ಕೊನೆಗೆ. "ಬೇಡ ಬಿಡು. ನೀನು ಸರಿಯಾಗೇ ಮಾಡು. ಕಾಯ್ತೀನಿ. ನಾನು ಎಲ್ಲಿಗೆ ಹೋಗ್ಲಿ?"

ನಿಯಮ ತಿದ್ದುವ ಕೆಲಸ ಆ ವಾರವೇ ಶುರುವಾಯಿತು. ನಿಯಮ ಬರೆಯುವುದಕ್ಕೆ ಒಬ್ಬರು ಸಾಕು. ತಿದ್ದುವುದಕ್ಕೆ ಇಡೀ ಸಮಿತಿ ಬೇಕು, ಆ ಸಮಿತಿ ಋತುವಿಗೊಮ್ಮೆ ಸೇರುತ್ತದೆ, ಸೇರಿದಾಗ ಹಿಂದಿನ ಸಭೆಯ ನಡಾವಳಿ ಓದಿ ಚಹಾ ಕುಡಿದು ಏಳುತ್ತದೆ. ಮೇಡಂ ಒಂದೊಂದು ಸಭೆಗೂ ಹೋದರು. ಅಲ್ಪ ಪ್ರಮಾಣಕ್ಕೆ ಅನುಮತಿಯೇ ಬೇಡವೆಂದು ವಿನಾಯಿತಿ ಕೊಟ್ಟುಬಿಡೋಣ ಎಂದು ಒಬ್ಬರು ಸೂಚಿಸಿದರು. ಅಲ್ಪ ಅಲ್ಪವಾಗಿ ಅಂಚೆಯಲ್ಲಿ ಮೂಟೆಯೇ ಬಂದೀತು ಎಂದು ಮೇಡಂ ಅದನ್ನು ತಡೆದರು. ತಮ್ಮ ಕೆಲಸಕ್ಕೆ ಅನುಕೂಲವಾಗುವ ವಿನಾಯಿತಿಯನ್ನು ತಾವೇ ತಡೆದದ್ದನ್ನು ಕಂಡು ಆ ಸದಸ್ಯರು ಕೈಚೆಲ್ಲಿ ಕೂತರು. ಮೇಡಂ ಕೇಳಿದ್ದು ಒಂದೇ: ಸಂಶೋಧನೆ ಮತ್ತು ಪರೀಕ್ಷೆಗೆಂದು ತರಿಸುವುದನ್ನು ಗ್ರಾಮಿನಲ್ಲಿ, ಪ್ರಯೋಗಾಲಯದ ತಕ್ಕಡಿ ಹೇಳುವಷ್ಟು ಸ್ಥಾನಗಳವರೆಗೆ ನಮೂದಿಸಲು ಅವಕಾಶವಾಗಲಿ. ಕಾನೂನು ವಿಭಾಗದ ಹಿರಿಯ ಅಧಿಕಾರಿ ಕಡತದಿಂದ ತಲೆಯೆತ್ತಿದರು.

"ಇದು ಕಟ್ಟಡ ಸಾಮಗ್ರಿ ಕಣಮ್ಮ. ಗ್ರಾಂ ಲೆಕ್ಕದಲ್ಲಿ ಮನೆ ಕಟ್ಟೋರು ಯಾರು?"

"ಯಾರೂ ಕಟ್ಟಲ್ಲ ಸಾರ್. ಗ್ರಾಂ ಲೆಕ್ಕದಲ್ಲಿ ಸಾಯ್ತಾರೆ."

ಆ ಅಧಿಕಾರಿ ಕಡತವನ್ನು ಮುಚ್ಚಲಿಲ್ಲ. ಮುಂದಿನ ಸಭೆಗೆ ಅವರೇ ತಿದ್ದುಪಡಿಯ ಕರಡನ್ನು ಬರೆದು ತಂದರು. ಆಮೇಲೆ ಅದು ಸಾರ್ವಜನಿಕರ ಆಕ್ಷೇಪಣೆಗೆಂದು ಪ್ರಕಟವಾಗಿ, ಯಾರೂ ಆಕ್ಷೇಪಿಸದಿದ್ದರೂ ಆಕ್ಷೇಪಿಸಲು ಕೊಟ್ಟ ಅವಧಿ ಮುಗಿಯುವವರೆಗೆ ಕಾಯಬೇಕಾಯಿತು.

ಆ ಅವಧಿಯಲ್ಲಿ ಅಣ್ಣ ತೀರಿಕೊಂಡರು. ಮೇಡಂ ರಜೆ ಮುಗಿಸಿ ಬಂದ ಬೆಳಗ್ಗೆ ಎಂದಿನಂತೆ ನೇರವಾಗಿ ತಕ್ಕಡಿಯ ಬಳಿ ಹೋಗಿ ಬಟ್ಟನ್ನು ಎತ್ತಿಟ್ಟರು. ಬಟ್ಟು ತಟ್ಟೆಯ ಅಂಚಿಗೆ ತಗುಲಿ ಕೆಳಗೆ ಬಿತ್ತು. ಅವರು ಅದನ್ನು ಎತ್ತಿಕೊಂಡು, ಒರೆಸಿ, ಮತ್ತೆ ಇಟ್ಟರು. ಅಷ್ಟೇ ನಾವು ಕಂಡದ್ದು. ಏಜೆಂಟ್ ಆ ದಿನ ಬಂದು ಬಾಗಿಲಲ್ಲೇ ನಿಂತು, ಒಳಗೆ ಬಾರದೆ ಹೋದರು.

ಹತ್ತು ಗ್ರಾಮಿನ ಅನುಮತಿಗೆ ಮೇಡಂ ಸಹಿ ಹಾಕಿದ್ದು ಅಣ್ಣ ತೀರಿಕೊಂಡ ಮರುವರ್ಷದ ಆರಂಭದಲ್ಲಿ. ಏಜೆಂಟ್ ಆ ಪುಟ್ಟ ಪೆಟ್ಟಿಗೆಯನ್ನು ಬಂದರಿನಿಂದ ತಾವೇ ಎರಡು ಕೈಯಲ್ಲಿ ಹಿಡಿದು ತಂದರು. ನಾನು ಶೀಟಿನ ನಾರನ್ನೂ ಪೆಟ್ಟಿಗೆಯ ನಾರನ್ನೂ ಒಂದೇ ದ್ರವದಲ್ಲಿ, ಒಂದೇ ಬೆಳಕಿನಲ್ಲಿಟ್ಟು ಹೋಲಿಸಿದೆ. ಇನ್ನೊಬ್ಬ ಸಹೋದ್ಯೋಗಿ ಸ್ವತಂತ್ರವಾಗಿ ನೋಡಿದರು. ಮೇಡಂ ಕೋಣೆಯೊಳಗೆ ಬರಲಿಲ್ಲ. ಓಣಿಯಂಥ ಆ ಉದ್ದ ಹಜಾರದ ತುದಿಯಲ್ಲಿ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದರು.

"ಹೊಂದಿತು ಮೇಡಂ" ಎಂದೆ. "ಬಿಳಿ ಕಲ್ನಾರು ಇದೆ. ನೀಲಿಯೂ ಸ್ವಲ್ಪ ಇದೆ." ನೀಲಿ ಹೆಚ್ಚು ಅಪಾಯದ್ದು; ಅದನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ.

ಅವರು ತಲೆಯಾಡಿಸಿ, ಏನನ್ನೂ ಮುಟ್ಟದಿದ್ದರೂ ನಲ್ಲಿಯ ಬಳಿ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡರು. ಸಂಜೆ ಅತ್ತಿಗೆಗೆ ವಿಷಯ ತಿಳಿಸಲು ಹೋದಾಗ ನಾನೂ ಜೊತೆಗಿದ್ದೆ. ಅತ್ತಿಗೆ ಅಳಲಿಲ್ಲ.

"ನನಗೆ ಗೊತ್ತಿತ್ತಮ್ಮ. ಅವರಿಗೂ ಗೊತ್ತಿತ್ತು. ಬೇರೆಯವರ ಬಾಯಲ್ಲಿ ಕೇಳ್ಬೇಕು ಅಂತಿದ್ರು, ಅಷ್ಟೇ."

"ತಡ ಮಾಡಿಬಿಟ್ಟೆ ಅತ್ತಿಗೆ."

"ಅವರೇ ಕಾಯ್ತೀನಿ ಅಂದಿದ್ದು ಕಣೇ. ನೀನು ಹೇಳಿದ್ದಕ್ಕಲ್ಲ, ಅವರಿಗೇ ಅನ್ನಿಸ್ತು. ಅದನ್ನೂ ನಿನ್ನ ತಲೆ ಮೇಲೆ ಹೊತ್ಕೋಬೇಡ."

ಆ ವರದಿಯ ಆಧಾರದ ಮೇಲೆ ವೈದ್ಯ ಮಂಡಳಿ ಅಣ್ಣನ ಕಾಯಿಲೆಯನ್ನು ಕೆಲಸದಿಂದ ಬಂದದ್ದೆಂದು ದಾಖಲಿಸಿತು. ಅದೇ ಗೋದಾಮಿನಲ್ಲಿ ದುಡಿದು ಇನ್ನೂ ಬದುಕಿದ್ದವರನ್ನು ಒಬ್ಬೊಬ್ಬರಾಗಿ ಕರೆಸಿ ಎದೆಯ ಪರೀಕ್ಷೆ ಮಾಡಿಸಲಾಯಿತು; ಅವರ ವಿಷಯದಲ್ಲಿ ಮಾಲೀಕರಿಗೆ 'ಸಿಗರೇಟು' ಎಂದು ಹೇಳಲಾಗಲಿಲ್ಲ. ಆ ಹತ್ತು ಗ್ರಾಮಿನಿಂದ ಚಿಟಿಕೆಯ ಪಾಲಿನಷ್ಟನ್ನು ತೆಗೆದು ನಾವು ಈವರೆಗೆ ಎಷ್ಟೋ ಶಾಲೆ, ಆಸ್ಪತ್ರೆ, ವಸತಿಗೃಹಗಳ ಕಲ್ನಾರಿನ ಚಾವಣಿಗಳನ್ನು ಗುರುತಿಸಿ ತೆಗೆಸಿದ್ದೇವೆ. ನೆರೆಯ ದೇಶಗಳ ಪ್ರಯೋಗಾಲಯಗಳು ಗ್ರಾಮಿನ ಆ ತಿದ್ದುಪಡಿಯನ್ನು ತಮ್ಮ ನಿಯಮಗಳಿಗೆ ಸೇರಿಸಿಕೊಂಡಿವೆ. ಒಂದು ಸಮ್ಮೇಳನದಲ್ಲಿ ಅದಕ್ಕಾಗಿ ಮೇಡಂ ಅವರನ್ನು ಸನ್ಮಾನಿಸಿದಾಗ ಅವರು, "ಮೊದಲೇ ಸರಿಯಾಗಿ ಬರೆದಿದ್ರೆ ಈ ಶಾಲು ಉಳೀತಿತ್ತು" ಎಂದು ನನ್ನ ಕಿವಿಯಲ್ಲಿ ಹೇಳಿದರು. ನಗಬೇಕೋ ಬೇಡವೋ ನನಗೆ ಈಗಲೂ ಗೊತ್ತಿಲ್ಲ.

ಇನ್ನು ಕೊನೆಯ ಸಂಗತಿ. ನಮ್ಮ ವಿಭಾಗದವರೆಲ್ಲ ವರ್ಷಕ್ಕೊಮ್ಮೆ ಕೊಳವೆಯೊಂದಕ್ಕೆ ಪೂರ್ತಿ ಉಸಿರು ಊದಿ ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಸಿಕೊಳ್ಳಬೇಕು. ಈ ಪದ್ಧತಿಯೂ ಮೇಡಂ ಅವರದೇ. ನಾಲ್ಕು ವರ್ಷ ಹಿಂದೆ ಅವರ ಅಂಕಿ ಇಳಿಯತೊಡಗಿತು. ಎದೆಯ ಚಿತ್ರದಲ್ಲಿ ಹಳೆಯ ಗಾಯದ ಗೆರೆಗಳು ಕಂಡವು. ಮುಸುಕಿಲ್ಲದೆ ಧೂಳಿನಲ್ಲಿ ಕೆಲಸ ಮಾಡಿದ್ದೀರಾ ಎಂದು ವೈದ್ಯರು ಕೇಳಿದರು. ಕಚೇರಿಯಲ್ಲಿ ಒಂದು ದಿನವೂ ಇಲ್ಲ ಎಂದರು ಮೇಡಂ. ಮನೆಯಲ್ಲಿ? ಅಣ್ಣನ ಅಂಗಿ ಒದರುತ್ತಿದ್ದೆ ಎಂದರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ, ಹಿಡಿಗಂಬಿಯನ್ನು ಹಿಡಿದು ದಮ್ಮು ತೆಗೆದುಕೊಳ್ಳುತ್ತ, ಅವರು ಜೊತೆಗೆ ಹೋಗಿದ್ದ ನನಗೆ ಹೇಳಿದ್ದು ಇಷ್ಟು: "ಅಣ್ಣ ಇರೋವಾಗ ಇದು ಗೊತ್ತಾಗ್ಲಿಲ್ವಲ್ಲ, ಅದೊಂದು ಒಳ್ಳೇದಾಯ್ತು. ಅವನು ತಡ್ಕೋತಿರ್ಲಿಲ್ಲ."

ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಾರೆ. ಆದರೆ ಹಳೆಯ ಶೀಟುಗಳನ್ನು ತೆಗೆಯುವ ಕೆಲಸಗಾರರಿಗೂ, ಮುಖ್ಯವಾಗಿ ಅವರ ಮನೆಯವರಿಗೂ, ಶನಿವಾರಗಳಂದು ತರಬೇತಿ ಕೊಡಲು ಒಪ್ಪಿಕೊಂಡಿದ್ದಾರೆ. ಬಟ್ಟೆಯನ್ನು ಒಣಗಿದ್ದಾಗ ಒದರಬೇಡಿ, ಮೊದಲು ನೆನೆಸಿ ಎಂಬುದು ಅದರ ಮೊದಲ ಪಾಠವಂತೆ. ಆ ಕೋಣೆಯ ಮುಂದಿನ ಸಾಲಿನಲ್ಲಿ ಕೂರಲು ನಾನೂ ಹೆಸರು ಕೊಟ್ಟಿದ್ದೇನೆ.

ಇಂಥ ಲೇಖನದ ಕೊನೆಯಲ್ಲಿ ನೂರು ವರ್ಷ ಬಾಳಿರೆಂದು ಬರೆಯುವುದು ರೂಢಿ. ಸಾಧನ ಹೇಳಲಾರದ ಅಂಕಿಯನ್ನು ಮೇಡಂ ನನಗೆ ಬರೆಯಗೊಡುವುದಿಲ್ಲ. ಅವರ ಶನಿವಾರಗಳು ಬಹಳ ಕಾಲ ನಡೆಯಲಿ, ಮುಂದಿನ ವರ್ಷದ ಉಸಿರಿನ ಅಳತೆ ಈ ವರ್ಷದ್ದಕ್ಕಿಂತ ಕೆಳಗಿಳಿಯದಿರಲಿ ಎಂದಷ್ಟೇ ಹಾರೈಸುತ್ತೇನೆ. ಆ ಅಂಕಿಯನ್ನು ಇಲ್ಲಿ ಪ್ರಕಟಿಸಬಹುದೇ ಎಂದು ಅವರ ಅನುಮತಿ ಕೇಳಿದಾಗ, "ಹೊಗಳಿಕೆ ಎಷ್ಟಾದ್ರೂ ಬರ್ಕೊಳ್ಳಿ, ಅಂಕಿ ಮಾತ್ರ ಯಂತ್ರ ಹೇಳಿದಷ್ಟೇ ಬರೀರಿ" ಎಂದರು. ಅವರ ವಯಸ್ಸಿಗೂ ಎತ್ತರಕ್ಕೂ ಇರಬೇಕಾದದ್ದು ೨.೩೦ ಲೀಟರ್. ಹೋದ ವರ್ಷ ಇದ್ದದ್ದು ೧.೭೧. ಈ ತಿಂಗಳ ಅಳತೆ ೧.೬೨ ಲೀಟರ್.